ನ್ಯಾಯವಾಗಿ ನಡೆಸಿದ ತೋಟಕ್ಕೆ ಲಾಭ ಎಲ್ಲಿಂದ ಬರುತ್ತದೆ? ಕೊಡಗಿನ ಕಾಫಿ ಉದ್ಯಮಕ್ಕೆ ಲೆಕ್ಕಸಮೇತ ಮಾರ್ಗದರ್ಶಿ

ಕೆಲಸದವರಿಗೂ ನೀರಿಗೂ ಮರಕ್ಕೂ ಅನ್ಯಾಯ ಮಾಡದೆ ತೋಟ ನಡೆಸಿದರೆ ಕೈಗೆ ಬರುವ ದುಡ್ಡು ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ಬೆಳೆಗಾರರ ಸಭೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ: ನ್ಯಾಯವಾಗಿ ನಡೆಸುವ ತೋಟವೆಂದು ಸರ್ಟಿಫಿಕೇಟ್ ಮಾಡಿಸಿ, ಪ್ರೀಮಿಯಂ (ಹೆಚ್ಚುವರಿ ಬೆಲೆ) ಸಿಗುತ್ತದೆ. ಅದನ್ನು ನಂಬಿ ಶುರುಮಾಡಿದವರು ಎರಡನೇ ವರ್ಷಕ್ಕೆ ಬೇಸತ್ತು ಬಿಡುತ್ತಾರೆ. ಪ್ರೀಮಿಯಂ ಬರುವುದು ಕೊನೆಗೆ, ಅದೂ ಅಷ್ಟಿಷ್ಟು. ಹೆಚ್ಚಿನ ಲಾಭ ಹುಟ್ಟುವುದು ಸಂಜೆ ಹಣ್ಣು ತೂಗುವ ತಕ್ಕಡಿಯಲ್ಲಿ, ಔಟ್‌ಟರ್ನ್‌ನಲ್ಲಿ (50 ಕೆಜಿ ಚೀಲ ಒಣ ಕಾಫಿಗೆ ಎಷ್ಟು ಕೆಜಿ ಬೇಳೆ ಸಿಗುತ್ತದೆ ಎಂಬ ಅಂಕಿ), ಮುಂದಿನ ಡಿಸೆಂಬರ್‌ಗೆ ಅದೇ ಕೆಲಸದವರು ಮರಳಿ ಬರುವುದರಲ್ಲಿ. ಇವನ್ನು ಅಳೆಯದೆ ಹೋದರೆ ಲಾಭ ಬಂದರೂ ಗೊತ್ತಾಗುವುದಿಲ್ಲ, ನಷ್ಟವಾದರೂ ಗೊತ್ತಾಗುವುದಿಲ್ಲ.

ದೊಡ್ಡ ಕಂಪನಿಗಳ ಮೇಲೆ ಈ ಬಗ್ಗೆ ಸಾಕಷ್ಟು ಅಧ್ಯಯನಗಳು ನಡೆದಿವೆ. ಎರಡು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಅವುಗಳಲ್ಲಿ ಸುಮಾರು 90% ಅಧ್ಯಯನಗಳಿಗೆ ಒಳ್ಳೆಯ ನಡತೆಯಿಂದ ಹಣಕಾಸಿಗೆ ಕೆಡುಕು ಕಾಣಲಿಲ್ಲ ಎಂದಿತು. ಗಮನಿಸಿ, ‘ಕೆಡುಕಿಲ್ಲ’ ಎಂದರೆ ‘ಲಾಭ ಖಚಿತ’ ಎಂದಲ್ಲ. ಲಾಭದಲ್ಲಿರುವ ಕಂಪನಿಗೆ ಒಳ್ಳೆಯದಾಗಿ ನಡೆದುಕೊಳ್ಳುವುದು ಸುಲಭ ಎಂಬ ಉಲ್ಟಾ ವಿವರಣೆಯೂ ಅಲ್ಲಿ ಉಳಿದೇ ಇದೆ. ಹಾಗಾಗಿ ಬೇರೆಯವರ ಅಂಕಿಗಳನ್ನು ಬದಿಗಿಟ್ಟು ನಿಮ್ಮ ತೋಟದ ಅಂಕಿ ಹಿಡಿಯಿರಿ.

ಮೊದಲು ಪುಸ್ತಕ

ತೆರಿಗೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ಕಾಫಿಯ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಜನವರಿಯಲ್ಲಿ ಕುಯ್ದ ರೊಬಸ್ಟಾ ಜಾತಿಯ ಕಾಫಿಯನ್ನು ಬೆಲೆ ಕಾದು ಜೂನ್‌ನಲ್ಲಿ ಕೊಟ್ಟರೆ ಕುಯ್ದ ಕೂಲಿ ಒಂದು ವರ್ಷದ ಲೆಕ್ಕಕ್ಕೆ, ಬಂದ ಹಣ ಇನ್ನೊಂದು ವರ್ಷದ ಲೆಕ್ಕಕ್ಕೆ ಸೇರುತ್ತದೆ. ಆಡಿಟರ್‌ಗೆ ಅದು ಸರಿ, ನಿಮಗೆ ಅದರಿಂದ ಏನೂ ತಿಳಿಯದು. ಅಕ್ಟೋಬರ್ 1ರಿಂದ ಬೇರೆಯೇ ಒಂದು ಪುಸ್ತಕ ಇಡಿ. ಅದರಲ್ಲಿ ಪ್ರತಿ ಬ್ಲಾಕಿಗೂ ಇಷ್ಟು ಬರೆದರೆ ಸಾಕು:

– ಎಕರೆಗೆ ಎಷ್ಟು ಚೀಲ (50 ಕೆಜಿ) ಒಣ ಚೆರ‍್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಅಥವಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಕಾಫಿ)
– ಔಟ್‌ಟರ್ನ್
– ಗೊಬ್ಬರ, ಔಷಧಿ, ಡೀಸೆಲ್ ಖರ್ಚು, ಒಂದೊಂದೂ ಬೇರೆಯಾಗಿ
– ಕೊಯ್ಲಿಗೆ ಹಿಡಿದ ಆಳಿನ ದಿನಗಳು, ಕಳೆದ ವರ್ಷದವರಲ್ಲಿ ಮರಳಿ ಬಂದವರ ಸಂಖ್ಯೆ
– ಅಪಘಾತ, ದಂಡ, ವಾಪಸಾದ ಲಾಟ್
– ಮಾರಿದ ದಿನದಿಂದ ಹಣ ಖಾತೆಗೆ ಬರುವ ತನಕದ ದಿನಗಳು

ರೂಪಾಯಿಯನ್ನು ಕೊನೆಗೆ ನೋಡಿ. 2024ರ ಏಪ್ರಿಲ್ ಹೊತ್ತಿಗೆ ರೊಬಸ್ಟಾ ಚೆರ‍್ರಿ ಚೀಲಕ್ಕೆ 10,000 ರೂಪಾಯಿ ದಾಟಿತ್ತು. ಆ ವರ್ಷ ಹೇಗೆ ನಡೆಸಿದ ತೋಟವೂ ಲಾಭವನ್ನೇ ತೋರಿಸಿತು. ಬೆಲೆಯ ಏರಿಳಿತದಲ್ಲಿ ನಿಮ್ಮ ಸುಧಾರಣೆಯ ಫಲ ಕಾಣದಷ್ಟು ಸಣ್ಣದಾಗುತ್ತದೆ. ಚೀಲ, ಔಟ್‌ಟರ್ನ್, ಆಳಿನ ದಿನ ಇವಕ್ಕೆ ರೊಬಸ್ಟಾ ಬೆಲೆ ಏರಿಸಿ ಇಳಿಸುವ ಲಂಡನ್ ಮಾರುಕಟ್ಟೆಯ ಸೋಂಕಿಲ್ಲ.

ಔಟ್‌ಟರ್ನ್ ಅನ್ನು ವ್ಯಾಪಾರಿ ಹೇಳುವ ಮೊದಲೇ ಮನೆಯಲ್ಲಿ ನೋಡಿಕೊಳ್ಳಬಹುದು. ಹತ್ತು ಚೀಲಗಳಿಂದ ಒಂದೊಂದು ಹಿಡಿ ತೆಗೆದು ಬೆರೆಸಿ. ಅದರಲ್ಲಿ 500 ಗ್ರಾಂ ತೂಗಿ, ಸಿಪ್ಪೆ ಬಿಡಿಸಿ, ಉಳಿದ ಬೇಳೆಯನ್ನು ಗ್ರಾಂ ತಕ್ಕಡಿಯಲ್ಲಿ ತೂಗಿ. 265 ಗ್ರಾಂ ಬಂದರೆ ಹತ್ತರಿಂದ ಭಾಗಿಸಿ: ಔಟ್‌ಟರ್ನ್ 26.5. ತೇವ ಹೆಚ್ಚಿದ್ದರೆ ಈ ಅಂಕಿ ಮೋಸ ಮಾಡುತ್ತದೆ, ಆದ್ದರಿಂದ ತೇವ ಮಾಪಕದಲ್ಲಿ ಸುಮಾರು 11%ಕ್ಕೆ ಬಂದ ಮೇಲೆಯೇ ಪರೀಕ್ಷೆ. ಮಾಪಕ ಇಲ್ಲದಿದ್ದರೆ ಹಿಡಿಯಷ್ಟು ಚೆರ‍್ರಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೇಳೆ ಗಲಗಲ ಸದ್ದು ಮಾಡಬೇಕು.

ಸಂಜೆ ಐದರ ತಕ್ಕಡಿ

ಹಣ್ಣು ಕುಯ್ಯುವವರಿಗೆ ಕೂಲಿ ಕೆಜಿ ಲೆಕ್ಕದಲ್ಲಿ. ಸಂಜೆ ಕಣದ ಹತ್ತಿರ ಸಾಲು ನಿಲ್ಲುತ್ತದೆ. ರೈಟರ್ (ತೋಟದ ಲೆಕ್ಕ ಬರೆಯುವವನು) ಚೀಲ ಏರಿಸುತ್ತಾನೆ, ಮುಳ್ಳು ನಿಲ್ಲುವ ಮೊದಲೇ ಅಂಕಿ ಹೇಳುತ್ತಾನೆ, ‘ಚೀಲದ ತೂಕ’ ಎಂದು ಒಂದು ಕೆಜಿ ಕಳೆಯುತ್ತಾನೆ, ಮೇಲಿನ ಗ್ರಾಂಗಳನ್ನು ಬಿಡುತ್ತಾನೆ. ಖಾಲಿ ಗೋಣಿ ತೂಗಿ ನೋಡಿದರೆ ಕಳೆದದ್ದು ಗೋಣಿಗಿಂತ ಹೆಚ್ಚಿರುತ್ತದೆ. ಪ್ಲಾಸ್ಟಿಕ್ ಚೀಲವಾದರಂತೂ ಅದರ ತೂಕ ನೂರಿನ್ನೂರು ಗ್ರಾಂ ಇದ್ದೀತು. ಅನೇಕ ತೋಟಗಳಲ್ಲಿ ಇದನ್ನು ಯಾರೂ ಮೋಸ ಎನ್ನುವುದಿಲ್ಲ, ವಾಡಿಕೆ ಎನ್ನುತ್ತಾರೆ.

ಲೆಕ್ಕ ಹಾಕಿ. 25 ಎಕರೆ ರೊಬಸ್ಟಾ, 20 ಮಂದಿ, ತಲೆಗೆ ದಿನಕ್ಕೆ 100 ಕೆಜಿ, 40 ದಿನ ಎಂದಿಟ್ಟುಕೊಳ್ಳಿ. ಒಟ್ಟು 80 ಟನ್ ಹಣ್ಣು. ಎರಡೂವರೆ ಕೆಜಿ ಹಣ್ಣಿಗೆ ಒಂದು ಕೆಜಿ ಒಣ ಚೆರ‍್ರಿಯಂತೆ 32 ಟನ್, ಅಂದರೆ 640 ಚೀಲ. ತಲೆಗೆ ದಿನಕ್ಕೆ ಎರಡು ಚೀಲ, ಚೀಲಕ್ಕೆ ಒಂದು ಕೆಜಿ ಹೆಚ್ಚು ಕಳೆದರೆ ಇಡೀ ಕೊಯ್ಲಿಗೆ 1,600 ಕೆಜಿ. ಕೆಜಿಗೆ 5 ರೂಪಾಯಿ ಕೂಲಿಯಂತೆ ತೋಟಕ್ಕೆ ‘ಉಳಿದದ್ದು’ 8,000 ರೂಪಾಯಿ.

ಇನ್ನು ಕಳೆದುಹೋದದ್ದು. ತೂಕದಲ್ಲಿ ಕಡಿತವಾಗುತ್ತದೆ ಎಂದು ಗೊತ್ತಿರುವವರು ಅದನ್ನು ಗಿಡದಲ್ಲೇ ತುಂಬಿಕೊಳ್ಳುತ್ತಾರೆ: ಹಸಿರುಕಾಯಿ, ಎಲೆ, ಕಡ್ಡಿ ಎಲ್ಲ ಸೇರಿ ರೆಂಬೆ ಸೀಳಿ ಬಳಿಯುತ್ತಾರೆ. ಹಸಿರುಕಾಯಿ ಒಣಗಿದರೆ ಬೇಳೆ ಮುರುಟುತ್ತದೆ, ಔಟ್‌ಟರ್ನ್ ಇಳಿಯುತ್ತದೆ. ಔಟ್‌ಟರ್ನ್‌ನ ಒಂದು ಪಾಯಿಂಟಿಗೆ 350 ರೂಪಾಯಿ ದರ ಇದ್ದಾಗ ಅರ್ಧ ಪಾಯಿಂಟ್ ಇಳಿದರೆ ಚೀಲಕ್ಕೆ 175, ಒಟ್ಟು 640 ಚೀಲಕ್ಕೆ 1,12,000 ರೂಪಾಯಿ. ಸೀಳಿದ ರೆಂಬೆಯಲ್ಲಿ ಮುಂದಿನ ವರ್ಷ ಹೂ ಕಟ್ಟದಿರುವುದು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಕೂಲಿ, ದರ ವರ್ಷವರ್ಷ ಬದಲಾಗುತ್ತವೆ, ನಿಮ್ಮವನ್ನು ಹಾಕಿ ನೋಡಿ. ಆದರೆ ಎರಡು ಮೊತ್ತಗಳ ನಡುವಿನ ಅಂತರ ಮುಚ್ಚುವಂಥದ್ದಲ್ಲ.

ಸರಿಪಡಿಸುವ ಕ್ರಮ ಹೀಗೆ:

1. ನವೆಂಬರ್ ಒಳಗೆ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಇದು ವರ್ಷಕ್ಕೊಮ್ಮೆ ಆಗಬೇಕು.
2. ತಕ್ಕಡಿಯ ಡಿಸ್‌ಪ್ಲೇ ಕುಯ್ದವರ ಕಡೆಗೆ ತಿರುಗಿರಲಿ. ಪಕ್ಕದಲ್ಲಿ ತೂಕ ಗೊತ್ತಿರುವ 20 ಕೆಜಿ ಬಟ್ಟು ಇರಲಿ, ಅನುಮಾನ ಬಂದವರು ಇಟ್ಟು ನೋಡಲಿ.
3. ಖಾಲಿ ಚೀಲ ತೂಗಿ, ಅಷ್ಟನ್ನೇ ಕಳೆಯಿರಿ. ಮೇಲಿನ ಗ್ರಾಂಗಳನ್ನೂ ಬರೆಯಿರಿ.
4. ಎರಡು ಚೀಟಿ. ಒಂದು ಪುಸ್ತಕಕ್ಕೆ, ಒಂದು ಅವರ ಕೈಗೆ. ಕೊಯ್ಲಿಗೆಂದು ಅಸ್ಸಾಮಿನಿಂದ ಬಂದವರಿಗೆ ಕನ್ನಡ ಓದಲು ಬಾರದು, ಆದ್ದರಿಂದ ಇಂಗ್ಲಿಷ್ ಅಂಕಿಗಳಲ್ಲೇ ಬರೆಯಿರಿ.
5. ಇಷ್ಟಾದ ಮೇಲೆಯೇ ಗುಣಮಟ್ಟ ಕೇಳಿ. ಪ್ರತಿ ಚೀಲದಿಂದ ಒಂದು ಕೆಜಿ ಹರಡಿ, ಹಸಿರುಕಾಯಿ ಹೆಕ್ಕಿ ತೂಗಿ. 50 ಗ್ರಾಂ ಒಳಗಿದ್ದರೆ ಕೆಜಿಗೆ 25 ಪೈಸೆ ಹೆಚ್ಚು ಕೊಡಿ. ಮೇಲಿನ 80 ಟನ್‌ಗೆ ಇದು ಹೆಚ್ಚೆಂದರೆ 20,000 ರೂಪಾಯಿ.

ಐದನೆಯದನ್ನು ಮೊದಲೇ ಮಾಡಿ, ಉಳಿದದ್ದನ್ನು ಬಿಟ್ಟರೆ ಕೆಲಸ ಕೆಡುತ್ತದೆ. ತಕ್ಕಡಿ ನಂಬದವರು ಬೋನಸ್ಸನ್ನೂ ನಂಬುವುದಿಲ್ಲ.

ಅಡ್ವಾನ್ಸ್, ಲೈನ್ ಮನೆ, ಏಣಿ

ಕೊಯ್ಲು ಮುಗಿಯುವ ತನಕ ಓಡಿಹೋಗದಿರಲಿ ಎಂದು ಕೂಲಿಯ ಒಂದು ಭಾಗ ಹಿಡಿದಿಟ್ಟುಕೊಳ್ಳುವುದು, ಆಧಾರ್ ಕಾರ್ಡು ಇಸಿದುಕೊಂಡು ಬೀರುವಿನಲ್ಲಿಡುವುದು, ಅಡ್ವಾನ್ಸ್ ತೀರದೆ ಬಿಡುವುದಿಲ್ಲ ಎನ್ನುವುದು ಇನ್ನೂ ಇದೆ. ಸಾಲ ತೀರುವ ತನಕ ದುಡಿಸುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ಕಾನೂನು ಬದಿಗಿಟ್ಟು ಲೆಕ್ಕವನ್ನೇ ನೋಡಿದರೂ ಇದು ಕೈಗೆ ಹತ್ತದ ವ್ಯವಹಾರ. ಹಿಡಿದಿಟ್ಟವರು ಮುಂದಿನ ವರ್ಷ ಬರುವುದಿಲ್ಲ. ಹೊಸಬರನ್ನು ತರಲು ಏಜೆಂಟ್‌ಗೆ ಕಮಿಷನ್ ಕೊಡಬೇಕು, ಬಸ್ಸು ರೈಲಿನ ಖರ್ಚು ಕೊಡಬೇಕು, ಗಿಡದ ಪರಿಚಯವಾಗುವ ಮೊದಲ ಹತ್ತು ದಿನ ಅರ್ಧ ಕೆಲಸ. ಅಷ್ಟರಲ್ಲಿ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ, ಉದುರಿದ್ದರಲ್ಲಿ ಕಾಯಿಕೊರಕ ಬೆಳೆಯುತ್ತದೆ.

ಕೂಲಿ ವಾರವಾರ, ಸಾಧ್ಯವಾದರೆ ಬ್ಯಾಂಕ್ ಖಾತೆಗೆ. ಅಡ್ವಾನ್ಸ್ ಕೊಟ್ಟರೆ ಒಂದು ವಾರದ ಕೂಲಿ ಮೀರದಿರಲಿ, ಬರೆದು ಕೊಡಿ, ವಾರಕ್ಕೆ ಕಾಲು ಭಾಗದಂತೆ ಹಿಡಿಯಿರಿ. ಯಾರು ಯಾವಾಗ ಊರಿಗೆ ಹೋಗಬೇಕು ಎಂದು ಡಿಸೆಂಬರ್ ಮೊದಲ ವಾರದಲ್ಲೇ ಕೇಳಿ ಬರೆದಿಡಿ. ಜನವರಿ ಮಧ್ಯದ ಅಸ್ಸಾಮಿ ಹಬ್ಬ ಮಾಘ ಬಿಹು ರೊಬಸ್ಟಾ ಕೊಯ್ಲಿನ ನಡುವಿಗೇ ಬೀಳುತ್ತದೆ. ಮೊದಲೇ ಗೊತ್ತಿದ್ದರೆ ಬ್ಲಾಕುಗಳ ಸರದಿ ಬದಲಿಸಬಹುದು.

ಕೆಲಸದವರು ಇರುವ ಲೈನ್ ಮನೆಗೆ (ಸಾಲುಮನೆಗೆ) ಸೋರದ ಸೂರು, ಬಾಗಿಲಿಗೆ ಒಳಚಿಲಕ, ಶೌಚಾಲಯ, ಕುದಿಸಿದ ನೀರು. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕಾಫಿ ತೋಟಗಳಿಗೆ ಇದು 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಹೊಸದಲ್ಲ. ಹತ್ತು ಅಥವಾ ಹೆಚ್ಚು ಮಂದಿ ಇದ್ದರೆ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಬೇಕು. ಹೆಣ್ಣಾಳು, ಗಂಡಾಳಿಗೆ ಒಂದೇ ಕೆಲಸಕ್ಕೆ ಒಂದೇ ಕೂಲಿ.

ಏಣಿಯ ವಿಷಯ ಮಾತ್ರ ನಿಂತು ಹೇಳಬೇಕು. ಕರಿಮೆಣಸು ಕುಯ್ಯಲು ಅಲ್ಯೂಮಿನಿಯಂ ಏಣಿ ಹಗುರ ಎಂದು ಎಲ್ಲರೂ ತಂದರು. ತೋಟದ ನಡುವೆ ಹಾದುಹೋದ ವಿದ್ಯುತ್ ತಂತಿಗೆ ಅದು ತಾಗಿದರೆ ಹಿಡಿದವನು ಉಳಿಯುವುದಿಲ್ಲ. ತಂತಿ ಹಾದುಹೋಗುವ ಸಾಲುಗಳ ಮರಕ್ಕೆ ಕೆಂಪು ಬಣ್ಣ ಬಳಿಯಿರಿ, ಅಲ್ಲಿ ಫೈಬರ್ ಏಣಿ ಮಾತ್ರ. ಹಸಿ ಬಿದಿರು, ಒದ್ದೆ ಬಿದಿರು ಕೂಡ ಕರೆಂಟ್ ಹರಿಸುತ್ತದೆ, ‘ಬಿದಿರಾದರೆ ಪರವಾಗಿಲ್ಲ’ ಎನ್ನುವುದು ಅರ್ಧಸತ್ಯ. ಕೆಲಸದವರ ಪರಿಹಾರ ವಿಮೆಯನ್ನು ಕೊಯ್ಲಿನ ತಿಂಗಳುಗಳ ತಲೆ ಲೆಕ್ಕಕ್ಕೆ ಮಾಡಿಸಿ. ಕಾಯಂ ಆಳುಗಳ ಲೆಕ್ಕಕ್ಕೆ ಮಾತ್ರ ಮಾಡಿಸಿದರೆ ಬೇಕಾದ ದಿನ ಅದು ಉಪಯೋಗಕ್ಕೆ ಬಾರದು.

ಪಲ್ಪರ್‌ನ ನೀರು ತೋಡಿಗೆ ಹೋಗದ ಹಾಗೆ

ಪಲ್ಪಿಂಗ್ ಮಾಡುವವರಿಗೆ, ಅಂದರೆ ಪಲ್ಪರ್ ಯಂತ್ರದಲ್ಲಿ ಹಸಿ ಹಣ್ಣಿನ ಸಿಪ್ಪೆ ಸುಲಿಯುವವರಿಗೆ, ದೊಡ್ಡ ಅಪಾಯ ಇಲ್ಲಿದೆ. ಕೊಡಗಿನ ತೋಡುಗಳಲ್ಲಿ ಬಹುಪಾಲು ಒಂದಲ್ಲ ಒಂದು ದಾರಿಯಲ್ಲಿ ಕಾವೇರಿ ಸೇರುತ್ತವೆ. ಪಲ್ಪರ್‌ನಿಂದ ಹೊರಬರುವ ನೀರು ಹುಳಿ, ಪಿಎಚ್ ಹೆಚ್ಚುಕಡಿಮೆ 4. ಅದರೊಳಗಿನ ಸಕ್ಕರೆ, ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತದೆ, ಮೀನು ಮೇಲೆ ತೇಲುತ್ತದೆ. ಹರಿಯುವ ನೀರಿಗೆ ಬಿಡುವ ತ್ಯಾಜ್ಯಕ್ಕೆ ಸಾಮಾನ್ಯ ಬಿಒಡಿ (ಕೊಳೆಯುವಾಗ ಹೀರುವ ಆಮ್ಲಜನಕದ ಅಳತೆ) ಮಿತಿ ಲೀಟರಿಗೆ 30 ಮಿಲಿಗ್ರಾಂ, ನೆಲಕ್ಕೆ ಹಾಯಿಸಲು 100. ಸಂಸ್ಕರಿಸದ ಪಲ್ಪರ್ ನೀರಿನಲ್ಲಿ ಅದು ಸಾವಿರಗಳಲ್ಲಿರುತ್ತದೆ.

ಈ ನೀರು ನಿಲ್ಲಿಸಲು ಹೊಂಡ ತೋಡುವ ಮೊದಲು ಪಲ್ಪರ್‌ಗೆ ಬರುವ ಪೈಪಿಗೆ ಒಂದು ನೀರಿನ ಮೀಟರ್ ಹಾಕಿ. ದಿನಕ್ಕೆ 2 ಟನ್ ಹಣ್ಣು, ಕೆಜಿಗೆ 3 ಲೀಟರ್ ನೀರಾದರೆ 6,000 ಲೀಟರ್. ಗಾಳಿಯಾಡದ ಹೊಂಡದಲ್ಲಿ 21 ದಿನ, ಗಾಳಿಯಾಡುವ ಹೊಂಡದಲ್ಲಿ 7 ದಿನ ನಿಲ್ಲಿಸುವ ಲೆಕ್ಕ ಹಿಡಿದರೆ ಒಂದಕ್ಕೆ 1,26,000 ಲೀಟರ್, ಇನ್ನೊಂದಕ್ಕೆ 42,000 ಲೀಟರ್ ಜಾಗ ಬೇಕು. ಹಳೆಯ ಪಲ್ಪರ್ ಕೆಜಿಗೆ 9 ಲೀಟರ್ ಕುಡಿಯುತ್ತಿದ್ದರೆ ಎಲ್ಲವೂ ಮೂರರಷ್ಟು. ಹಾಗಾಗಿ ಮೊದಲ ದುಡ್ಡು ನೀರು ಕಡಿಮೆ ಮಾಡಲು: ಕಡಿಮೆ ನೀರಿನ ಪಲ್ಪರ್, ಇಲ್ಲವೇ ಬಳಸಿದ ನೀರನ್ನು ಜರಡಿ ಹಿಡಿದು ಅದೇ ದಿನ ಮತ್ತೆ ಪಲ್ಪಿಂಗಿಗೆ. ಕೊನೆಯ ತೊಳೆಯುವಿಕೆಗೆ ಮಾತ್ರ ಶುದ್ಧ ನೀರು.

ಹೊಂಡಕ್ಕೆ ಬಿಡುವ ಮುನ್ನ ಒಂದು ತೊಟ್ಟಿಯಲ್ಲಿ ಸುಣ್ಣ ಕಲಸಿ, ಪಿಎಚ್ ಕಾಗದ 6.5ರಿಂದ 7 ತೋರಿಸುವ ತನಕ. ದಿನಕ್ಕೆ ಎರಡು ಸಲ ಪರೀಕ್ಷಿಸಿ ಬರೆಯಿರಿ. ಮೊದಲ ಹೊಂಡಕ್ಕೆ ಶುರುವಿನಲ್ಲೇ ಸಗಣಿ ಬಗ್ಗಡ ಹಾಕಿದರೆ ಕೊಳೆಸುವ ಸೂಕ್ಷ್ಮಾಣುಗಳು ಬೇಗ ಹಿಡಿಯುತ್ತವೆ. ತಪ್ಪುವುದು ಸಾಮಾನ್ಯವಾಗಿ ಇಲ್ಲೇ: ಮೊದಲ ವಾರ ಸುಣ್ಣ ಹಾಕುತ್ತಾರೆ, ಕೊಯ್ಲು ಬಿರುಸಾದಾಗ ಮರೆಯುತ್ತಾರೆ, ಹುಳಿ ನೀರು ಒಳಗೆ ಹೋಗಿ ಸೂಕ್ಷ್ಮಾಣು ಸಾಯುತ್ತದೆ. ಆಮೇಲೆ ಎಷ್ಟು ದಿನ ನಿಲ್ಲಿಸಿದರೂ ಅದು ಹುಳಿ ನಾತದ ಕಪ್ಪು ನೀರೇ. ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಕೆಳಗಿನ ಬಾವಿಗೆ ಇಳಿಯುತ್ತದೆ.

ಹಣ್ಣಿನ ತೂಕದ ಸುಮಾರು 40% ಸಿಪ್ಪೆ. ರಾಶಿ ಹಾಕಿ ಬಿಟ್ಟರೆ ಮಳೆಗೆ ಅದರ ರಸವೂ ತೋಡಿಗೇ. ಸಗಣಿ, ಒಣ ಎಲೆ, ಸುಣ್ಣದ ಜೊತೆ ಪದರಪದರವಾಗಿ ಹಾಕಿ, ಮೇಲೆ ಹೊದಿಸಿ, ತಿಂಗಳಿಗೊಮ್ಮೆ ಮಗುಚಿದರೆ ಮುಂಗಾರಿನ ನಂತರದ ಗೊಬ್ಬರದ ಹೊತ್ತಿಗೆ ಸಿದ್ಧ. ಇದರಿಂದ ಉಳಿತಾಯವಾದ ಗೊಬ್ಬರದ ಚೀಲಗಳನ್ನು ಪುಸ್ತಕದಲ್ಲಿ ಬರೆಯಲು ಮರೆಯಬೇಡಿ. ಹೊಂಡದ ಖರ್ಚನ್ನು ಭಾಗಶಃವಾದರೂ ತೀರಿಸುವುದು ಇದೊಂದೇ. ಇನ್ನುಳಿದ ಲಾಭ ಎಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸಿಗೆ ಕೊಯ್ಲಿನ ನಡುವೆ ಪಲ್ಪರ್ ನಿಲ್ಲದಿರುವುದು. ಹಣ್ಣು ಒಂದು ರಾತ್ರಿ ಉಳಿದರೂ ಹುದುಗು ಬಂದು ಪಾರ್ಚ್‌ಮೆಂಟ್ ಬಣ್ಣಗೆಡುತ್ತದೆ ಎಂಬುದು ಗೊತ್ತಿದ್ದವರಿಗೆ ಅದರ ಬೆಲೆಯೂ ಗೊತ್ತು.

ನೆರಳು, ಕೆರೆ, ಇಳಿಜಾರು

ಅರೇಬಿಕಾದಲ್ಲಿ ನೆರಳು ತೆಳುವಾದರೆ ಬಿಳಿ ಕಾಂಡಕೊರಕಕ್ಕೆ ಹಬ್ಬ. ಬಿಸಿಲು ಬಿದ್ದ ಕಾಂಡದ ತೊಗಟೆ ಬಿರುಕಿನಲ್ಲಿ ಅದು ಮೊಟ್ಟೆ ಇಡುತ್ತದೆ. ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್, ಆದ್ದರಿಂದ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಕೊರಕ ಹಿಡಿದ ಗಿಡ ಗುರುತಿಸಿ ಕಿತ್ತು ಸುಡಬೇಕು. ಔಷಧಿಯಿಂದಲೇ ಗೆಲ್ಲುತ್ತೇನೆ ಎನ್ನುವವರಿಗೆ ಒಂದು ಮಾತು: ಬಹುಕಾಲ ಬಳಕೆಯಲ್ಲಿದ್ದ ಕ್ಲೋರ್‌ಪೈರಿಫಾಸ್‌ನ ಅನುಮತಿಯನ್ನು ಐರೋಪ್ಯ ಒಕ್ಕೂಟ 2020ರಲ್ಲೇ ನಿಲ್ಲಿಸಿತು. ಬೇಳೆಯಲ್ಲಿ ಅದರ ಶೇಷ ಸಿಕ್ಕರೆ ಲಾಟ್ ವಾಪಸ್.

ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗೆ ಸಿಗುತ್ತದೆ, ಕಡಿದು ಮಾರುವುದು ಸುಲಭ. ಅದನ್ನು ಬೈಯುವುದು ಫ್ಯಾಷನ್ ಆಗಿದೆ, ಆದರೆ ಮೆಣಸಿನ ಆದಾಯ ನೋಡದೆ ಬೈಯಬಾರದು. ಒಂದೇ ಜಾತಿ ತುಂಬುವುದರಲ್ಲಿ ತಪ್ಪಿದೆ. ಹಳೆಯ ಬೀಟೆ, ನಂದಿ, ಹಲಸು, ಅತ್ತಿಯನ್ನು ತೆಗೆಯದೆ, ನಡುವಿನ ಖಾಲಿ ಜಾಗಕ್ಕೆ ಸಿಲ್ವರ್, ಕೆಳನೆರಳಿಗೆ ಹಾಲವಾಣ. ಹಲಸಿಗೆ ಆನೆ ಬರುತ್ತದೆ ಎನ್ನುವುದು ನಿಜ. ದಾರಿಯ ಬದಿಯ ಹಲಸನ್ನು ಎಳೆಯದರಲ್ಲೇ ಇಳಿಸಿ. ಬೇಲಿಗೆ ನೇರ ಕರೆಂಟ್ ಕೊಡುವುದು ಆನೆಯನ್ನೂ ಕೊಲ್ಲುತ್ತದೆ, ಆಳನ್ನೂ ಕೊಲ್ಲುತ್ತದೆ, ನಿಮ್ಮನ್ನು ಜೈಲಿಗೂ ಕಳಿಸುತ್ತದೆ.

ರೊಬಸ್ಟಾಕ್ಕೆ ಹೂ ನೀರು ಒಂದೂವರೆ ಇಂಚು ಕೊಟ್ಟರೆ ಎಕರೆಗೆ ಸುಮಾರು ಒಂದೂವರೆ ಲಕ್ಷ ಲೀಟರ್. 25 ಎಕರೆಗೆ 38 ಲಕ್ಷ ದಾಟುತ್ತದೆ. ಫೆಬ್ರವರಿಯಲ್ಲಿ ಹೊಳೆಗೆ ಪಂಪ್ ಇಟ್ಟು ಇಷ್ಟನ್ನು ಎಳೆದರೆ ಕೆಳಗಿನ ಊರಿಗೆ ಕುಡಿಯಲು ಉಳಿಯದು, ಜಗಳ ಖಚಿತ. 30 ಮೀಟರ್ ಉದ್ದ, ಅಷ್ಟೇ ಅಗಲ, 4 ಮೀಟರ್ ಆಳದ ಕೆರೆ ಲೆಕ್ಕಕ್ಕೆ 36 ಲಕ್ಷ ಲೀಟರ್. ಬದು ಇಳಿಜಾರಾಗಿರಬೇಕಾದ್ದರಿಂದ, ಆವಿಯೂ ಆಗುವುದರಿಂದ ನಿಜಕ್ಕೆ ಅಷ್ಟು ಸಿಗದು. ಗದ್ದೆ ಬದಿಯ ತಗ್ಗಿನಲ್ಲೇ ತೋಡಿ. ಕಡಿದಾದ ಬರೆಯ ಮೇಲೆ ಜೆಸಿಬಿ ಇಳಿಸಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಕಡೆಗಳಲ್ಲಿ ಹಲವೆಡೆ ರಸ್ತೆಗೋ ಮನೆಗೋ ಇಳಿಜಾರನ್ನು ಮೊದಲೇ ಕಡಿದಾಗಿತ್ತು.

ಕಾಗದಪತ್ರ, ಸರ್ಟಿಫಿಕೇಟ್

ಭಾರತದ ಕಾಫಿಯ ದೊಡ್ಡ ಪಾಲು ಯುರೋಪಿಗೆ ಹೋಗುತ್ತದೆ, ಇಟಲಿ ಮೊದಲ ಗಿರಾಕಿ. ಅಲ್ಲಿನ ಅರಣ್ಯನಾಶ ತಡೆ ನಿಯಮ 2023ರಲ್ಲಿ ಬಂತು, ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಹಾಗೆಂದು ಸುಮ್ಮನಿರಬೇಡಿ. ಅದು ಜಾರಿಯಾದರೆ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. 4 ಹೆಕ್ಟೇರ್ (ಹತ್ತಿರ 10 ಎಕರೆ) ಒಳಗಿನ ಜಾಗಕ್ಕೆ ಒಂದು ಜಿಪಿಎಸ್ ಬಿಂದು ಸಾಕು, ಅದಕ್ಕಿಂತ ದೊಡ್ಡದಕ್ಕೆ ಸುತ್ತಳತೆಯ ನಕ್ಷೆ ಬೇಕು. ಅಕ್ಷಾಂಶ ರೇಖಾಂಶ ದಶಮಾಂಶದ ನಂತರ ಆರು ಅಂಕಿ ಇರಲಿ.

ನಮ್ಮಲ್ಲಿ ತೊಡಕಾಗುವುದು ಜಿಪಿಎಸ್‌ನಲ್ಲಿ ಅಲ್ಲ, ಪಹಣಿಯಲ್ಲಿ. ಜಮ್ಮಾ ಜಾಗ (ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು) ಇನ್ನೂ ಪಟ್ಟೇದಾರರಾಗಿದ್ದ, ಅಂದರೆ ಕುಟುಂಬದ ಯಜಮಾನರಾಗಿದ್ದ ಅಜ್ಜನ ಹೆಸರಲ್ಲಿ, ಬೆಳೆ ತೆಗೆಯುವವರು ಮೂವರು ಮೊಮ್ಮಕ್ಕಳು, ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗವಾದ ಬಾಣೆಗೆ ಬೇರೆ ಸರ್ವೆ ನಂಬರ್. ಕುಟುಂಬದವರೆಲ್ಲ ಸಹಿ ಹಾಕಿದ ಒಪ್ಪಿಗೆ ಪತ್ರ, ಯಾರು ಎಷ್ಟು ಎಕರೆ ನೋಡಿಕೊಳ್ಳುತ್ತಾರೆ ಎಂಬ ನಕ್ಷೆ ಈಗಲೇ ಮಾಡಿಸಿ. ಕಾಫಿ ಮಂಡಳಿಯ ನೋಂದಣಿಯೂ ಅದೇ ಹೆಸರುಗಳಲ್ಲಿ. ಎರಡನೇ ತೊಡಕು ಗೋದಾಮು: ನಿಮ್ಮ ಚೀಲ ವ್ಯಾಪಾರಿಯ ರಾಶಿಯಲ್ಲಿ ಬೆರೆತ ಕ್ಷಣಕ್ಕೆ ನಕ್ಷೆಗೆ ಬೆಲೆ ಇಲ್ಲ. ಲಾಟ್ ನಂಬರ್ ಹೊಲಿದ ಚೀಟಿ, ಬೇರೆ ರಾಶಿ, ಬೇರೆ ರಸೀದಿ ಕೇಳಿ.

ಸರ್ಟಿಫಿಕೇಟ್ ಎಂದರೆ ರೈನ್‌ಫಾರೆಸ್ಟ್ ಅಲಯನ್ಸ್, ಫೇರ್‌ಟ್ರೇಡ್, ಸಾವಯವ. ಸಾವಯವಕ್ಕೆ ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆ. ಆ ಮೂರು ವರ್ಷ ಇಳುವರಿ ಇಳಿಯುತ್ತದೆ, ಬೆಲೆ ಮಾತ್ರ ಸಾಧಾರಣದ್ದೇ. ಸಾಲವಿರುವ ತೋಟ ಇದಕ್ಕೆ ಕೈಹಾಕಬಾರದು. ಉಳಿದವಕ್ಕೆ ಒಬ್ಬರೇ ಹೋಗಬೇಡಿ, ಗುಂಪಾಗಿ ಹೋದರೆ ಆಡಿಟ್ ಶುಲ್ಕ ಹಂಚಿಹೋಗುತ್ತದೆ. ಸಹಿ ಹಾಕುವ ಮೊದಲು ಕೊಳ್ಳುವವರಿಂದ ಚೀಲಕ್ಕೆ ಎಷ್ಟು ಹೆಚ್ಚು, ಎಷ್ಟು ಚೀಲ, ಎಷ್ಟು ದಿನದಲ್ಲಿ ಎಂದು ಬರೆಸಿಕೊಳ್ಳಿ. ಸರ್ಟಿಫಿಕೇಟ್ ಇದ್ದೂ ಸಾಧಾರಣ ಬೆಲೆಗೆ ಮಾರಿದ ಚೀಲ ಎಷ್ಟೋ ಇವೆ.

ಪುಡಿ ಮಾರುವವರಿಗೆ ಒಂದೇ ಮಾತು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ 51% ಕಡಿಮೆ ಇರುವಂತಿಲ್ಲ, ಚಿಕೋರಿಯ ಪ್ರಮಾಣ ಲೇಬಲ್ ಮೇಲೆ ಇರಬೇಕು. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿದೆ. ಬೇರೆ ಜಿಲ್ಲೆಯ ಬೇಳೆ ಹುರಿದು ಆ ಹೆಸರು ಬರೆದರೆ ಏನಾಗುತ್ತದೆ ಎಂದು ತಿಳಿಯಲು ಹೆದ್ದಾರಿ ಬದಿಯ ‘ಕೊಡಗಿನ ಕಿತ್ತಳೆ’ಯ ಬುಟ್ಟಿಗಳನ್ನು ನೋಡಿ. ಎಲ್ಲಿಯ ಹಣ್ಣಿಗೂ ಆ ಹೆಸರೇ, ಹಾಗಾಗಿ ನಿಜವಾದ ಕಿತ್ತಳೆಗೂ ಬೆಲೆ ಇಲ್ಲ.

ಫಲ ಓದುವುದು ಹೇಗೆ

ಒಂದು ವರ್ಷದ ಅಂಕಿಯಿಂದ ತೀರ್ಮಾನಕ್ಕೆ ಬರಬೇಡಿ. ಹೂ ಮಳೆ ತಪ್ಪಿದರೆ, ಅರೇಬಿಕಾ ಒಂದು ವರ್ಷ ಹೊತ್ತು ಮರುವರ್ಷ ಸುಮ್ಮನಾದರೆ ಚೀಲ ಏರಿಳಿಯುತ್ತದೆ. ಮೂರು ಕೊಯ್ಲಿನ ಸರಾಸರಿ ಹಿಡಿಯಿರಿ. ನೆರಳು, ಗೊಬ್ಬರದ ಬದಲಾವಣೆಯನ್ನು ಒಂದು ಬ್ಲಾಕಿನಲ್ಲಿ ಮಾತ್ರ ಮಾಡಿ, ಪಕ್ಕದ್ದನ್ನು ಮೊದಲಿನಂತೆ ಬಿಟ್ಟರೆ ಮಳೆಯ ಪಾಲು ಬೇರೆಯಾಗಿ ಕಾಣುತ್ತದೆ. ಕೂಲಿ, ತೂಕದ ವಿಷಯದಲ್ಲಿ ಹಾಗೆ ಮಾಡಲಾಗದು. ಒಂದೇ ತೋಟದಲ್ಲಿ ಎರಡು ತಕ್ಕಡಿ ಇಟ್ಟರೆ ಅದೇ ದಿನ ಕೆಲಸ ನಿಲ್ಲುತ್ತದೆ.

ಸಾಮಾನ್ಯವಾಗಿ ಕಾಣುವ ಕ್ರಮ: ಮೊದಲ ಕೊಯ್ಲಿನಲ್ಲೇ ಔಟ್‌ಟರ್ನ್ ಕದಲುತ್ತದೆ, ಎರಡನೆಯದರಲ್ಲಿ ಮರಳಿ ಬಂದವರ ಸಂಖ್ಯೆ. ಮಣ್ಣು, ನೆರಳಿನ ಫಲಕ್ಕೆ ಮೂರು ವರ್ಷವಾದರೂ ಬೇಕು. ಹೊಂಡ, ಕೆರೆಯ ಖರ್ಚನ್ನು ಒಂದೇ ವರ್ಷದ ಮೇಲೆ ಹೇರದೆ ಹತ್ತು ವರ್ಷಕ್ಕೆ ಹಂಚಿ ಬರೆಯಿರಿ. ಇಲ್ಲದಿದ್ದರೆ ಮೊದಲ ವರ್ಷದ ಕೆಂಪು ಅಂಕಿ ನೋಡಿ ಮನೆಯವರೇ ಬೇಡ ಎನ್ನುತ್ತಾರೆ.

ಮೂರನೇ ಸೆಪ್ಟೆಂಬರ್ ಕೊನೆಗೆ ಸರ್ಟಿಫಿಕೇಟ್ ಶುಲ್ಕ ಒಂದು ಕಡೆ, ಅದರಿಂದ ಬಂದ ಹೆಚ್ಚುವರಿ ಒಂದು ಕಡೆ ಬರೆಯಿರಿ. ಶುಲ್ಕವೇ ಹೆಚ್ಚಿದ್ದರೆ ಸರ್ಟಿಫಿಕೇಟ್ ನವೀಕರಿಸಬೇಡಿ. ತಕ್ಕಡಿಯ ಮುದ್ರೆ, ಕೂಲಿ ಚೀಟಿ, ಹೊಂಡದ ಪಿಎಚ್ ಪುಸ್ತಕ ನಿಲ್ಲಿಸಬೇಡಿ. ಮತ್ತೊಂದು ಗುಂಪು ಸೇರುವ ದಿನ ಬಂದರೆ ಆಡಿಟರ್ ಮೊದಲು ಕೇಳುವುದು ಹಿಂದಿನ ವರ್ಷಗಳ ಆ ದಾಖಲೆಗಳನ್ನೇ.